ಪೀರಾಂಬಿಯ ಹದಿಮೂರು ಸುಣ್ಣದ ಗುರುತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಜಯಪುರದ ಹಳೆಯ ಕೋಟೆಗೋಡೆಯ ಮೂಲೆಬುರುಜಿನೊಳಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಪೀರಾಂಬಿ ಬಿರುಕಿನುದ್ದಕ್ಕೂ ಕೈಯಾಡಿಸುತ್ತಿದ್ದಾರೆ. “ಹನ್ನೊಂದು, ಹನ್ನೆರಡು, ಹದಿಮೂರು... ಎಲ್ಲಾ ಗಟ್ಟಿ ಅದಾವು.”

ಎಣಿಸುತ್ತಿರುವುದು ಸುಣ್ಣದ ಗುರುತುಗಳನ್ನು. ಎಲೆಯಡಿಕೆ ಸಂಚಿಯ ಸುಣ್ಣವನ್ನೇ ಹೆಬ್ಬೆರಳಿನಿಂದ ಬಿರುಕಿಗೆ ಅಡ್ಡ ಬಳಿದಿದ್ದಾರೆ. ಒಣಗಿದ ಸುಣ್ಣ ಬಿರಿದರೆ ಗೋಡೆ ಸರಿದಿದೆ ಎಂದೇ ಅರ್ಥ. ಅತ್ತೆ ಕಲಿಸಿದ ವಿದ್ಯೆ.

ಇಬ್ರಾಹಿಂಪುರದ ಪೀರಾಂಬಿಗೆ ಐವತ್ತೆಂಟು. ಇಪ್ಪತ್ತಾರು ವರ್ಷಗಳಿಂದ ದಿನಗೂಲಿಯ ಮೇಲೆ ಕೋಟೆಯ ಕಲ್ಲುಸಂದಿಯಲ್ಲಿ ಹುಟ್ಟುವ ಅರಳಿ, ಆಲದ ಸಸಿ ಕೀಳುತ್ತಾರೆ. ಮಳೆಗಾಲದಲ್ಲಿ ದಿನಕ್ಕೆ ನಲವತ್ತಾದರೂ ಸಿಗುತ್ತವೆ. “ಬೇರು ದಪ್ಪ ಆಗಿದ್ರ ಜಗ್ಗಬಾರದ್ರಿ, ಕಲ್ಲು ಕೂಡೇ ಬರ್ತೈತಿ. ಚಿಗತಾಗೊಮ್ಮೆ ಕೊಯ್ಕೋತ ಹೋದ್ರ ತಾನ ಒಣಗತೈತಿ.”

ಮಳೆಗೆ ಮುಂಚೆ ಬಂದ ಎಂಜಿನಿಯರ್ ವಿದ್ಯಾವತಿ, ಬಿರುಕು ಹಿಗ್ಗಿದರೆ ಬುರುಜನ್ನೇ ಬಿಚ್ಚಿ ಕಟ್ಟಬೇಕಾದೀತು ಎಂದಿದ್ದರು. ಬಿಚ್ಚಿದ್ದನ್ನು ಮತ್ತೆ ಕಟ್ಟುತ್ತಾರೆಂಬ ನಂಬಿಕೆ ಪೀರಾಂಬಿಗಿರಲಿಲ್ಲ. ಹಿಂದೊಮ್ಮೆ ಬಿಚ್ಚಿದ ಗೋಡೆಯ ಕಲ್ಲುಗಳು ಇಂದಿಗೂ ಗುಡ್ಡೆಯಾಗಿ ಬಿದ್ದಿವೆ. ಅಂದೇ ಪೀರಾಂಬಿ ಗುರುತು ಹಾಕಿದರು.

ಹದಿನೈದು ದಿನಕ್ಕೆ ಮೇಸ್ತ್ರಿ ಸಿದ್ದರಾಮ ಅವನ್ನೆಲ್ಲ ತಿಕ್ಕಿ ತೊಳೆದ. ಎಲೆ ತಿಂದವರು ಬೆರಳು ಒರೆಸಿದ್ದಾರೆಂದು ಅವನ ಸಿಟ್ಟು.

“ಯಪ್ಪಾ, ಏನ್ ಮಾಡಿದ್ಯೋ!”

“ಅಯ್ಯ ಯವ್ವಾ, ನೀನೂ ಎಲಿ ತಿನ್ನಾಕಿ. ನಾ ಏನಂತ ತಿಳೀಬೇಕು?”

“ಬೆರಳ ಒರಸವ್ರು ಗೇಣಿಗೊಂದು ಅಳದು ಒರಸ್ತಾರೇನೋ?”

ಪೀರಾಂಬಿ ಅಲ್ಲೇ ಸಂಚಿ ಬಿಚ್ಚಿ, ಗುರುತು ಏಕೆಂದು ಹೇಳುತ್ತ ಮೊದಲಿನಿಂದ ಬಳಿದರು. ಆಮೇಲೆ ಆ ಬಿರುಕಿನ ಹತ್ತಿರ ಯಾರು ಸುಳಿದರೂ ಗದರಿಸುವ ಕೆಲಸ ಸಿದ್ದರಾಮನದೇ ಆಯಿತು.

ಮಳೆಗಾಲ ಮುಗಿದಿದೆ. ಇವತ್ತು ವಿದ್ಯಾವತಿ ಏಣಿ ಹತ್ತಿ ಅಳೆಯುತ್ತಾರೆ, ಹಳೆಯ ಅಳತೆ ತೆಗೆದು ನೋಡುತ್ತಾರೆ, ಮತ್ತೊಮ್ಮೆ ಅಳೆಯುತ್ತಾರೆ. ಕೆಳಗೆ ನಿಂತ ಪೀರಾಂಬಿಗೆ ಬಾಯಲ್ಲಿದ್ದ ಎಲೆ ಅಗಿಯುವುದೂ ಮರೆತಿದೆ.

“ಕೂದಲೆಳಿಯಷ್ಟೂ ಸರದಿಲ್ಲ ನೋಡ್ರಿ. ಬಿಚ್ಚೂದು ಬ್ಯಾಡ. ಸಂದಿಗೆ ಸುಣ್ಣದ ಗಾರಿ ತುಂಬಿದ್ರ ಸಾಕು,” ಎನ್ನುತ್ತಾರೆ ವಿದ್ಯಾವತಿ.

ಪೀರಾಂಬಿ ಕಲ್ಲಿನ ಮೇಲೆ ಮೆಲ್ಲಗೆ ಕೂರುತ್ತಾರೆ. ಸಿದ್ದರಾಮ ಸುಮ್ಮನಿರಬೇಕಲ್ಲ: “ಪೇಪರ್‌ನವ್ರು ಬಂದಾರ ಬೇ. ಫೋಟೋ ತೆಗಸ್ಕೋ.”

“ಬುರುಜಿಂದು ತೆಗೀಲಿ,” ಎಂದು ನಕ್ಕು, ಪೀರಾಂಬಿ ಎಂಜಿನಿಯರ್ ಕಡೆ ತಿರುಗುತ್ತಾರೆ. “ಮೇಡಂರ, ಗಾರಿ ತುಂಬೂ ದಿನ ನನಗೂ ಹೇಳಿ ಕಳಸ್ರಿ. ಒಳಗ ಎಲ್ಲೆಲ್ಲಿ ಟೊಳ್ಳೈತಿ, ನಾ ತೋರಸ್ತೇನಿ.”