ಹಜಾರದ ದೇವಿಗೆ ಹಚ್ಚಿದ ಕುಂಕುಮ

ಉತ್ತರ ಯುರೋಪಿನ ಸುಂಡ್‌ಬೀಬರ್ಯ್‌ನಲ್ಲಿ ನಾವು ಹಿಡಿದಿದ್ದು ಸಾಮಾನು ಸಮೇತದ ಬಾಡಿಗೆ ಫ್ಲಾಟು. ಸೋಫಾ, ಚಮಚ, ಗೋಡೆಯ ಚಿತ್ರ, ಎಲ್ಲವೂ ಒಡತಿಯದೇ. ಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಗಾಜಿಲ್ಲದ ಚೌಕಟ್ಟಿನಲ್ಲಿ ಒಂದು ಮರದಚ್ಚಿನ ಚಿತ್ರವಿತ್ತು. ಕ್ರೈಸ್ತ ಸಂತನೊಬ್ಬನಿಗೆ ಆದ ದರ್ಶನವನ್ನು ಐನೂರು ವರ್ಷದ ಹಿಂದೆ ಮರದಲ್ಲಿ ಕೆತ್ತಿ ಅಚ್ಚೊತ್ತಿದ್ದರಂತೆ. ಇದು ಅದರ ಹಳೆಯ ನಕಲು. ಸೂರ್ಯನನ್ನೇ ಹೊದ್ದ ಹೆಂಗಸು, ಕಾಲಡಿ ಚಂದ್ರ, ತಲೆಗೆ ನಕ್ಷತ್ರದ ಕಿರೀಟ. ಅವಳೆದುರು ಏಳು ತಲೆಯ ಘಟಸರ್ಪ.

ಬೇಸಿಗೆ ಕಳೆಯಲು ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. "ದೇವೀನ ಚಪ್ಲಿ ಮೇಲೆ ನೇತಾಕಿದೀರಲ್ಲ, ಬುದ್ಧಿ ಎಲ್ಲಿಟ್ಟಿದೀರಾ?"

ಮಾರನೆಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಚಿತ್ರ ಅಡುಗೆಮನೆಯ ದೇವರ ಶೆಲ್ಫ್ ಸೇರಿತ್ತು. ಹೆಂಗಸಿನ ಹಣೆಗೆ ಒದ್ದೆ ಕುಂಕುಮ. ಸರ್ಪಕ್ಕೆ ಬೇಜಾರಾಗದಿರಲೆಂದು ಅದಕ್ಕೂ ತಲೆಗೊಂದು ಬೊಟ್ಟು.

ಭಾನುವಾರ ಊಟಕ್ಕೆ ಬಂದ ಗಂಡನ ಟೀಮ್ ಲೀಡ್, ಬಿಸಿಬೇಳೆಬಾತಿನ ತಟ್ಟೆ ಹಿಡಿದೇ ತಲೆ ಕೊರೆದ. "ಏಳು ಹೆಡೆ ನೋಡಿ, ಪಕ್ಕಾ ಆದಿಶೇಷ. ಇದೆಲ್ಲ ನಮ್ಮಿಂದಾನೇ ಯುರೋಪಿಗೆ ಬಂದಿದ್ದು." ಆ ಸರ್ಪ ಈ ಹೆಂಗಸಿಗೆ ಹುಟ್ಟಲಿರುವ ಮಗುವನ್ನು ನುಂಗಲು ಕಾದಿದೆ ಎಂದೆ. "ಅದು ಅವರ ಇಂಟರ್‌ಪ್ರಿಟೇಶನ್" ಎಂದು ಇನ್ನೊಂದು ಸೌಟು ಬಡಿಸಿಕೊಂಡ.

ಅದೇ ವಾರ ಒಡತಿ ಮನೆ ನೋಡಲು ಬರುವವಳಿದ್ದಳು. ಮನೆ ಚೆನ್ನಾಗಿದ್ದರೆ ಇನ್ನೊಂದು ವರ್ಷದ ಕರಾರು. ಮಗಳ ಡಾಗಿಸ್, ಅಂದರೆ ಶಿಶುವಿಹಾರ, ಎದುರು ಬೀದಿಯಲ್ಲೇ ಇತ್ತು, ಅವಳು ಅಲ್ಲಿ ಅಳು ನಿಲ್ಲಿಸಿದ್ದೇ ಈಚೆಗೆ. ನನಗೆ ಈ ಮನೆ ಬೇಕೇಬೇಕಿತ್ತು. ಗಂಡ ಕುಂಕುಮ ಒರೆಸಲು ಹೋಗಿ ಕಾಗದವೆಲ್ಲ ಕೆಂಪು ಮಾಡಿ, ಚಿತ್ರವನ್ನು ಮತ್ತೆ ಹಜಾರದ ಮೊಳೆಗೆ ತೂಗುಹಾಕಿದ.

ಒಡತಿ ಬಂದು ಇದೇನು ಕಲೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಮ್ಮ ಪೂಜೆ ಮಾಡಿದರು ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, ಗೋಡೆಯಲ್ಲಿ ಸ್ವಲ್ಪ ತೇವವಿದೆ, ಅದರಿಂದ ಇರಬೇಕು ಎಂದ.

ಇಲ್ಲಿಯವರಿಗೆ ದೇವರು ಇದ್ದಾನೆಂದರೂ ಒಂದೇ, ಇಲ್ಲವೆಂದರೂ ಒಂದೇ. ಗೋಡೆಯಲ್ಲಿ ತೇವ ಎಂದರೆ ಮಾತ್ರ, ಒಳಗೆಲ್ಲ ಬೂಷ್ಟು ಹಿಡಿದಿರುತ್ತದೆಂದು, ಜೀವ ಹೋಗುತ್ತದೆ. ಒಡತಿಯ ಮುಖ ಬಿಳಿಚಿಕೊಂಡಿತು. ಗೋಡೆ ಒಡೆಸಿ ನೋಡಬೇಕು, ಅಲ್ಲಿಯವರೆಗೆ ಯಾರಿಗೂ ಬಾಡಿಗೆಗೆ ಕೊಡುವುದಿಲ್ಲ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದಳು. ನಿಜ ಏನೆಂದು ನಾನು ಹೇಳಿದೆ. ತೇವ ಮುಚ್ಚಿಡಲು ಪೂಜೆಯ ಕಥೆ ಕಟ್ಟುತ್ತಿದ್ದೇನೆ ಎಂದುಕೊಂಡು ಅವಳು ನಂಬಲಿಲ್ಲ.

ಅವಳು ಹೋದಮೇಲೆ ಅತ್ತೆ ಏನಾಯಿತೆಂದು ಕೇಳಿದರು. ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದರು.

"ನಮ್ಮಮ್ಮ ಹಚ್ಚಿದ್ದು ಅನ್ನೋಕೆ ನಾಚ್ಕೆ ಆಯ್ತೇನೋ ನಿಂಗೆ?"

ಅವನು ಫೋನ್ ತೆಗೆದು ಬಾಡಿಗೆ ಮನೆ ಹುಡುಕತೊಡಗಿದ.