ಹಿಂದಿನ ಸೀಟಿನ ಕನ್ನಡ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಚಹಾ ಮಾಡುವ ನೆಪದಲ್ಲಿ ಎದ್ದು ಹೋಗುವವಳು ನಾನು. ಮದುವೆಗೆ ಮೊದಲು ಗದಗಿನಲ್ಲಿ ನಾಲ್ಕು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದ್ದೇನೆ. ನಮ್ಮತ್ತೆ ಅಮಾವಾಸ್ಯೆಯ ದಿನ ನಿಂಬೆಹಣ್ಣು ಇಳಿಸಿದರೆ, ಅದನ್ನು ಹಿಂಡಿ ಪಾನಕ ಮಾಡಿಕೊಡಲೇ ಎಂದು ಕಾಡಿದ್ದುಂಟು. ಹಾಗಾಗಿ ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ನನ್ನ ಮಗಳ ವಿಷಯ. ಆ ದಿನ ಕಾರಿನಲ್ಲಿ ಇದ್ದವರು ನಾವಿಬ್ಬರೇ.

ಏಳು ವರ್ಷದ ಹಿಂದಿನ ಮಾತು. ನನ್ನ ಗಂಡ ಗಿರೀಶ ಆಗ ಒಮಾನಿನ ಮಸೀರಾ ದ್ವೀಪದಲ್ಲಿ, ಕಡಲ ನೀರನ್ನು ಕುಡಿಯುವ ನೀರು ಮಾಡುವ ಸ್ಥಾವರವೊಂದರಲ್ಲಿ ಇಂಜಿನಿಯರ್. ನಾನು ಮಗಳು ಸಾನ್ವಿಯ ಶಾಲೆಗಾಗಿ ಮಸ್ಕತ್ತಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಗಿರೀಶ ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಸಾನ್ವಿಗೆ ಏಳು ವರ್ಷ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಆದರೆ ಬಾಯಿ ಬಿಟ್ಟರೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ.

ಆ ಬೇಸಿಗೆ ರಜೆಗೆ ಇಬ್ಬರೂ ಗದಗಿಗೆ ಹೋಗಿದ್ದೆವು. ಒಂದೂವರೆ ತಿಂಗಳು ಅಜ್ಜಿಯ ಮನೆಯಲ್ಲಿ ಕಳೆದರೂ ಹುಡುಗಿ ಒಂದು ವಾಕ್ಯ ಕಲಿಯಲಿಲ್ಲ. "ನೀ ಸಾಲ್ಯಾಗ ಮಂದಿ ಮಕ್ಕಳಿಗೆ ಕಲಿಸಿದಾಕಿ, ನಿನ್ನ ಮಗಳಿಗೆ ಕನ್ನಡಾ ಕಲಸಾಕ ಏನ್ ಧಾಡಿ ಆಗೇತಿ?" ಎಂದು ನಮ್ಮವ್ವ ನೆಂಟರ ಎದುರಿಗೇ ಕೇಳಿದಳು. ನನಗೆ ನಾಚಿಕೆಯಾಯಿತು. ವಾಪಸು ಬರುವಾಗ ವಿಮಾನದಲ್ಲೇ ಹಟ ಹಿಡಿದೆ. ನೀರು ಬೇಕಾದರೆ ಕನ್ನಡದಲ್ಲಿ ಕೇಳು, ಕಿಟಕಿ ಪಕ್ಕದ ಸೀಟು ಬೇಕಾದರೆ ಕನ್ನಡದಲ್ಲಿ ಕೇಳು. ಅವಳು ಅತ್ತಳು. ನಾನು ಸೋಲಲಿಲ್ಲ.

ರಜೆಯ ಕೊನೆಯ ಹತ್ತು ದಿನ ದ್ವೀಪದಲ್ಲಿ ಗಿರೀಶನ ಜೊತೆ ಕಳೆಯುವುದೆಂದು ಮಾತಾಗಿತ್ತು. ಮಸೀರಾದಲ್ಲೂ ವಿಮಾನ ನಿಲ್ದಾಣವಿದೆ, ಆದರೆ ಅದು ಸೈನ್ಯದ್ದು. ನಮ್ಮಂಥವರು ಮಸ್ಕತ್ತಿನಲ್ಲಿ ಇಳಿದು, ಐದು ತಾಸು ಮರಳುಗಾಡು ದಾಟಿ, ಶನ್ನಾ ಎಂಬ ಬಂದರಿನಲ್ಲಿ ಕಾರಿನ ಸಮೇತ ಹಡಗು ಹತ್ತಬೇಕು. ಗಿರೀಶ ವಿಮಾನ ನಿಲ್ದಾಣಕ್ಕೆ ಬರಬೇಕಾದವನು, ಸ್ಥಾವರದ ಪಂಪು ಕೆಟ್ಟು ರಜೆ ರದ್ದಾಗಿ ಸಿಕ್ಕಿಬಿದ್ದ. ಮಸ್ಕತ್ತಿನ ಖುರುಮ್ ಬಡಾವಣೆಯಲ್ಲಿ ಕೆಲಸ ಮಾಡುವ ಅವನ ಗೆಳೆಯರೊಬ್ಬರು ನಮ್ಮ ಕಾರನ್ನು ಬೆಳಿಗ್ಗೆಯೇ ನಿಲ್ದಾಣಕ್ಕೆ ತಂದು, ಕೀಲಿ ನನ್ನ ಕೈಗಿಟ್ಟು, "ಅಕ್ಕಾ, ಒಬ್ಬರೇ ಹೋಗ್ತೀರಾ? ಯಾರಾದರೂ ಡ್ರೈವರ್ ನೋಡಲಾ?" ಎಂದರು. ಮೂರು ಸಲ ಫೇಲಾಗಿ ನಾಲ್ಕನೇ ಸಲಕ್ಕೆ ಒಮಾನಿನ ಲೈಸೆನ್ಸ್ ಗಿಟ್ಟಿಸಿಕೊಂಡಿದ್ದ ನಾನು ಅದನ್ನು ಅವಮಾನವೆಂದೇ ತಿಳಿದೆ. ಬೇಡ ಎಂದು ಹೊರಟೆ.

ದಾರಿಯಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ಸಿನಾವ್ ಊರಿನಲ್ಲಿ ಪರಾಠಾ ತಿಂದೆವು, ಮುಂದೆ ರಸ್ತೆಯ ಆಚೀಚೆ ಬರೀ ಬಿಳಿ ನೆಲ. ಮಧ್ಯಾಹ್ನದ ಹಡಗಿನಲ್ಲಿ ಜಾಗ ಸಿಕ್ಕಿತು. ಕಾರನ್ನು ಕೆಳಗೆ ನಿಲ್ಲಿಸಿ ಮೇಲಿನ ಹವಾನಿಯಂತ್ರಿತ ಕೋಣೆಯಲ್ಲಿ ಕೂತೆವು. ಜುಲೈ ತಿಂಗಳ ಗಾಳಿಗೆ ಹಡಗು ಜೋರಾಗಿ ಹೊಯ್ದಾಡುತ್ತಿತ್ತು. ಸಾನ್ವಿ ಬೆಂಚಿನ ಮೇಲೆ ಮಲಗಿ ಗಾಢವಾಗಿ ನಿದ್ದೆಹೋದಳು.

ದ್ವೀಪ ಮುಟ್ಟಿದ ಮೇಲೆ ಎಲ್ಲರೂ ಕೆಳಗಿಳಿದು ಕಾರು ಶುರು ಮಾಡಿದರು. ನಾನು ಎಷ್ಟು ಅಲುಗಾಡಿಸಿದರೂ ಇವಳು ಏಳಲೊಲ್ಲಳು. ಕೆಳಗೆ ನನ್ನ ಕಾರಿನ ಹಿಂದಿನವರು ಹಾರ್ನ್ ಬಜಾಯಿಸುತ್ತಿದ್ದರು, "ಯಲ್ಲಾ, ಯಲ್ಲಾ" ಎಂದು ಹಡಗಿನ ಆಳು ಅರಬ್ಬಿಯಲ್ಲಿ ಅವಸರಪಡಿಸುತ್ತಿದ್ದ. ನಾನು ಬ್ಯಾಗು ಹೊತ್ತು ಮೆಟ್ಟಿಲ ತನಕ ಹೋಗಿ, ಅಲ್ಲಿಂದಲೇ ತಿರುಗಿ, "ಬಾರವ್ವಾ, ಲಗೂನ ಬಾ, ಮನಿಗೆ ಹೋಗೂಣು" ಎಂದು ಜೋರಾಗಿ ಕರೆದೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿನಿಂದ ಅವ್ವ ಎಂದೇ ಕರೆಯುತ್ತೇವೆ. ಈ ಸಲ ಅವಳು ಎದ್ದಳು. ಒಂದು ಮಾತೂ ಆಡದೆ ನನ್ನ ಹಿಂದೆ ಮೆಟ್ಟಿಲಿಳಿದು, ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ಆಗ ಸಂಜೆ ನಾಲ್ಕು ಗಂಟೆ. ಕಣ್ಣು ಕುಕ್ಕುವ ಬಿಸಿಲು. ಗಿರೀಶನ ಕ್ವಾರ್ಟರ್ಸ್ ಇದ್ದದ್ದು ದ್ವೀಪದ ದಕ್ಷಿಣಕ್ಕೆ, ಬಂದರಿನಿಂದ ಸುಮಾರು ಒಂದು ತಾಸಿನ ದಾರಿ. ಊರು ದಾಟಿದರೆ ಎಡಕ್ಕೆ ಬೋಳು ಗುಡ್ಡ, ಬಲಕ್ಕೆ ಕಡಲು, ನಡುವೆ ಡಾಂಬರು. ಮರಳು ರಸ್ತೆಯ ಮೇಲೆ ಹರಿದು ಹೋಗುತ್ತಿತ್ತು. ಎದುರಿಗೆ ಹತ್ತು ನಿಮಿಷಕ್ಕೊಂದು ಗಾಡಿ ಬಂದರೆ ಹೆಚ್ಚು. ಸ್ವಲ್ಪ ಹೊತ್ತಿನಲ್ಲಿ ಮೊಬೈಲಿನ ಸಿಗ್ನಲ್ಲೂ ಹೋಯಿತು.

"ಹ್ವಾಯ್, ಇದ್ ಯಾವ್ ದಾರಿ?"

ಹಿಂದಿನಿಂದ ಮಾತು ಕೇಳಿತು. ಧ್ವನಿ ಸಾನ್ವಿಯದೇ. ಸಿನಿಮಾದಲ್ಲಿ ಬದಲಾಗುವಂತೆ ಅದೇನೂ ಬದಲಾಗಿರಲಿಲ್ಲ, ಅದೇ ತೆಳು ಧ್ವನಿ. ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ನನ್ನ ಹಟ ಫಲ ಕೊಟ್ಟಿತು ಎಂದುಕೊಂಡೆ. ಆಮೇಲೆ ಹೊಳೆಯಿತು, ಇದು ಗದಗಿನ ಕನ್ನಡವಲ್ಲ. ಕರಾವಳಿಯ ಕಡೆಯದು. ಮಸ್ಕತ್ತಿನ ಕನ್ನಡಿಗರಲ್ಲಿ ಆ ಕಡೆಯವರೇ ಹೆಚ್ಚು, ಹಾಗಾಗಿ ಕಿವಿಗೆ ಪರಿಚಯವಿತ್ತು. ನಕ್ಕು, "ಇದನ್ನ ಯಾರ ಕಡೆಯಿಂದ ಕಲತೀ?" ಎಂದೆ.

ಅವಳು ಸಂಕೋಚದಿಂದ ಕೇಳುವಂತೆ, "ನೀವ್ ಯಾರಂದೇಳಿ ಗುರ್ತ್ ಸಿಕ್ಲಿಲ್ಲೆ" ಎಂದಳು.

ನಾನು ಕನ್ನಡಿಯಲ್ಲಿ ನೋಡಿದೆ. ಸಾನ್ವಿ ಕಾರಿನಲ್ಲಿ ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ. ಕಾಲು ಸೀಟಿನ ಮೇಲೆ ಇಡುತ್ತಾಳೆ, ನನ್ನ ಬೆನ್ನಿಗೆ ಒದೆಯುತ್ತಾಳೆ. ಈಗ ಬೆನ್ನು ಸೀಟಿಗೆ ತಾಗಿಸದೆ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ಪರರ ಗಾಡಿಯಲ್ಲಿ ಕೂತ ಹೆಂಗಸಿನ ಹಾಗೆ ಕೂತಿದ್ದಳು. ಕನ್ನಡಿಯಲ್ಲಿ ನನ್ನ ಕಣ್ಣು ಸಿಕ್ಕಾಗ ಮರ್ಯಾದೆಗೆ ಎಂಬಂತೆ ಒಂದಿಷ್ಟು ನಕ್ಕಳು. ನನ್ನ ಮಗಳು ನನ್ನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ.

"ಸಾನ್ವಿ, ಸಾಕು ಆಟ" ಎಂದೆ. ಕಾರನ್ನು ನಿಲ್ಲಿಸಬೇಕೆನಿಸಿತು, ಆದರೆ ನಿಲ್ಲಿಸಲು ಧೈರ್ಯ ಬರಲಿಲ್ಲ. ಯಾಕೆಂದರೆ ಅವಳೂ ಅದನ್ನೇ ಕೇಳುತ್ತಿದ್ದಳು.

"ಇನ್ ಚೂರ್ ಮುಂದೆ ನಮ್ಮನಿ ಇತ್ತ್. ನಾ ಅಲ್ಲೇ ಇಳ್ಕಂತೆ. ನಿಮ್ಗೆ ತೊಂದ್ರೆ ಬ್ಯಾಡ."

ನಾನು ಅವಳನ್ನು ಬೈದೆ, ಮುದ್ದು ಮಾಡಿದೆ, ಚಾಕಲೇಟಿನ ಆಸೆ ತೋರಿಸಿದೆ. ಕೊನೆಗೆ ನನ್ನ ಹಟವನ್ನೆಲ್ಲ ಬಿಟ್ಟು ಇಂಗ್ಲಿಷಿನಲ್ಲೇ ಕೇಳಿದೆ, ಇಂಗ್ಲಿಷಿನಲ್ಲಿ ಮಾತಾಡು ಎಂದು ಬೇಡಿಕೊಂಡೆ. ಆ ಭಾಷೆ ತಿಳಿಯದವರ ಹಾಗೆ ಅವಳು ನನ್ನ ಬಾಯಿ ನೋಡಿದಳು. ದೂರದಲ್ಲಿ ದಡದ ಬಳಿ ಕಲ್ಲುಗಳ ಒಂದು ಗುಂಪು ಕಾಣಿಸಿತು. ಮನೆಯಿಲ್ಲ, ಗುಡಿಸಲಿಲ್ಲ, ಒಂದು ಮೇಕೆಯೂ ಇಲ್ಲ. ಅದನ್ನು ಕಂಡದ್ದೇ ಅವಳು ಮುಂದಕ್ಕೆ ಬಾಗಿ ನನ್ನ ಸೀಟನ್ನು ಹಿಡಿದುಕೊಂಡಳು.

"ಇಲ್ಲೇ, ಇಲ್ಲೇ ನಿಲ್ಸಿ. ಮಕ್ಳ್ ಕಾಯ್ತಾ ಇದ್ದೊ. ಕತ್ಲಾಪುಕ್ ಮುಂಚೆ ಹೋಯ್ಕ್."

ಕತ್ತಲಾಗುವ ಮೊದಲು ಮನೆ ಸೇರಬೇಕಂತೆ. ನಾನು ವೇಗ ಹೆಚ್ಚಿಸಿದೆ. ಬಾಗಿಲಿನ ಹಿಡಿಯನ್ನು ಎಳೆಯುವ ಸದ್ದು ಕೇಳಿತು. ಹಿಂದಿನ ಬಾಗಿಲುಗಳಿಗೆ ಮಕ್ಕಳ ಲಾಕ್ ಇತ್ತು, ಇಲ್ಲವಾಗಿದ್ದರೆ ಏನಾಗುತ್ತಿತ್ತೋ ನಾನು ಯೋಚಿಸಲಾರೆ. ಅವಳು ಕಿರುಚಲಿಲ್ಲ, ರಂಪ ಮಾಡಲಿಲ್ಲ. ದೊಡ್ಡವರು ಬೇಡಿಕೊಳ್ಳುವ ಹಾಗೆ ಬೇಡಿಕೊಂಡಳು.

"ನಿಮ್ಗೂ ಮಕ್ಳಿದ್ದೊ ಅಲ್ದಾ?"

ನನ್ನ ಮಗಳ ಬಾಯಿಂದ ಆ ಪ್ರಶ್ನೆ. ಯಾಕೆ ಉತ್ತರಿಸಿದೆನೋ ತಿಳಿಯದು. "ಒಬ್ಬಾಕಿ ಅದಾಳ" ಎಂದೆ.

"ಈಗ ಎಲ್ಲಿದ್ಲ್?"

ಆಗ ನಾನು ಕೂಗಿಕೊಂಡೆ. ಅವಳ ಹೆಸರನ್ನು, ಅಪ್ಪನ ಹೆಸರು, ಅಡ್ಡಹೆಸರಿನ ಸಮೇತ, ಶಾಲೆಯ ಹಾಜರಿಯಲ್ಲಿ ಕರೆಯುವಂತೆ ಎಷ್ಟು ಸಲ ಕೂಗಿದೆನೋ ಲೆಕ್ಕವಿಲ್ಲ. ಕಲ್ಲುಗಳ ಜಾಗ ಹಿಂದೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಅವಳು ತಿರುಗಿ ಹಿಂದಿನ ಗಾಜಿನಲ್ಲಿ ಅದನ್ನೇ ನೋಡುತ್ತಿದ್ದಳು. ಅಂಗಿಯ ಅಂಚನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಿದ್ದಳು. ಏಳು ವರ್ಷದ ಮಕ್ಕಳು ಹಾಗೆ ಸದ್ದಿಲ್ಲದೆ ಅಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೀಟಿನ ಮೇಲೆ ವಾಲಿ ನಿದ್ದೆಹೋದಳು.

ಕ್ವಾರ್ಟರ್ಸಿನ ಗೇಟಿನ ಎದುರು ಕಾರು ನಿಂತಾಗ, "ಮಮ್ಮಾ, ಆರ್ ವಿ ದೇರ್?" ಎಂದು ಎದ್ದು ಕೂತಳು. ಗಿರೀಶನನ್ನು ಕಂಡು, "ಪಪ್ಪಾ!" ಎಂದು ಓಡಿದಳು. ಹಡಗಿನಲ್ಲಿ ಮಲಗಿದ್ದು ಅವಳಿಗೆ ನೆನಪಿದೆ, ಆಮೇಲಿನದು ಇಲ್ಲ. ನಾನು ಕಾರಿನಿಂದ ಇಳಿಯದೆ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಡ್ರೈವಿಂಗ್ ಸುಸ್ತು ಎಂದುಕೊಂಡು ಗಿರೀಶ ಬ್ಯಾಗುಗಳನ್ನು ಇಳಿಸಿದ.

ಮಗಳು ಮಲಗಿದ ಮೇಲೆ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ, ನಂಬಲೂ ಇಲ್ಲ. ರೆಕಾರ್ಡ್ ಮಾಡಿಕೊಳ್ಳಬೇಕಿತ್ತು ಎಂದ. ಇಂದಿಗೂ ಅದನ್ನೇ ಹೇಳಿ ಹಂಗಿಸುತ್ತಾನೆ. ಮೊಬೈಲಿನಲ್ಲಿ ಕರಾವಳಿಯ ಹಾಸ್ಯದ ವಿಡಿಯೊ ನೋಡಿ ಕಲಿತಿರಬೇಕು, ನಿದ್ದೆಗಣ್ಣಿನಲ್ಲಿ ಬಡಬಡಿಸಿರಬೇಕು ಎಂಬುದು ಅವನ ವಾದ. ನಾನೇ ಬೇರೆಯವರಿಗೆ ಹೇಳಬಹುದಾಗಿದ್ದ ವಾದ ಅದು. ಮರುದಿನ ಅವನ ಸಹೋದ್ಯೋಗಿ, ಕುಂದಾಪುರದ ಹತ್ತಿರದ ಬೈಂದೂರಿನ ಶೇಖರ್, ಊಟಕ್ಕೆ ಬಂದಿದ್ದರು. ಸಂದರ್ಭ ಹೇಳದೆ, ನೆನಪಿದ್ದ ಮಾತುಗಳನ್ನಷ್ಟೇ ಅವರ ಮುಂದೆ ಆಡಿ ತೋರಿಸಿದೆ. "ಇದ್ ನಮ್ ಬದಿದೇ" ಎಂದು ನಕ್ಕರು. ಆಮೇಲೆ, "ನೀವ್ ಹೇಳುವ ರಾಗ ಇತ್ತಲ್ದಾ, ಅದ್ ನಮ್ಮಜ್ಜಿದ್ ಹಾಂಗೆ ಇತ್ತ್. ಯಾರತ್ರ ಕೇಂಡ್ರಿ?" ಎಂದರು. ನಾನು ಮಾತು ಬದಲಿಸಿದೆ.

ಶುಕ್ರವಾರ ಗಿರೀಶನೊಬ್ಬನನ್ನೇ ಕರೆದುಕೊಂಡು ಆ ಜಾಗಕ್ಕೆ ಹೋಗಿ ಬಂದೆ. ಸಾನ್ವಿ ಶೇಖರ್ ಅವರ ಮನೆಯಲ್ಲಿದ್ದಳು. ಅಲ್ಲಿ ಕಲ್ಲುಗಳಿದ್ದವು, ಗಾಳಿಯಿತ್ತು, ಹರಿದ ಬಲೆಯ ತುಂಡೊಂದಿತ್ತು. ಅಲ್ಲಿ ಹಿಂದೆ ಮನೆ ಇತ್ತೆಂದು ಯಾರೂ ಹೇಳಲಾರರು, ಇರಲಿಲ್ಲವೆಂದೂ ಹೇಳಲಾರರು. ನಮ್ಮತ್ತೆಗೆ ಫೋನಿನಲ್ಲಿ ತಿಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಹಡಗಿನಿಂದ ಇಳಿಯುವಾಗ ಕೂಸನ್ನು ಏನಂತ ಕರೆದೆ? ಹೇಳಿದೆ. "ನೀರು ದಾಟಿದ ಮ್ಯಾಲೆ ಹೆಸರು ಹಿಡದು ಕರೀಬೇಕವ್ವಾ. ಬರೇ ಬಾರವ್ವಾ ಅಂದ್ರ ಯಾರರ ಬರ್ತಾರ" ಎಂದರು. ಈ ಸಲ ಪಾನಕದ ಮಾತು ನನಗೆ ಹೊಳೆಯಲಿಲ್ಲ.

ಅತ್ತೆಯ ಮಾತನ್ನು ನಾನು ನಂಬುತ್ತೇನೆಯೇ? ಹಗಲು ಹೊತ್ತು ಕೇಳಿದರೆ ಇಲ್ಲ ಎನ್ನುತ್ತೇನೆ. ಕುಂದಾಪುರದ ಕಡೆಯ ಹೆಂಗಸೊಬ್ಬಳು ಆ ದ್ವೀಪದಲ್ಲಿ ಮನೆ ಮಾಡಿದ್ದಳೆಂದು ಯಾರಿಂದಲೂ ಕೇಳಿಲ್ಲ, ಎಲ್ಲೂ ಓದಿಲ್ಲ. ಆದರೆ ಒಂದು ಯೋಚನೆ ಮಾತ್ರ ಬಿಟ್ಟು ಹೋಗುವುದಿಲ್ಲ. ಅವಳು ಯಾರೇ ಆಗಿರಲಿ, ಮಕ್ಕಳು ಕಾಯುತ್ತಿದ್ದಾರೆ ಇಳಿಸು ಎಂದು ಬೇಡಿಕೊಂಡಳು. ನಾನು ಇಳಿಸಲಿಲ್ಲ. ಇಳಿಸಿದ್ದರೆ ಅವಳ ಜೊತೆ ನನ್ನ ಮಗಳೂ ಇಳಿದು ಹೋಗುತ್ತಿದ್ದಳು. ಹಾಗಾದರೆ ಅವಳು ಎಲ್ಲಿ ಇಳಿದಳು? ಇಳಿದಳೋ ಇಲ್ಲವೋ?

ಆ ದಿನದ ನಂತರ ನಾನು ಸಾನ್ವಿಗೆ ಕನ್ನಡ ಮಾತಾಡು ಎಂದು ಒಮ್ಮೆಯೂ ಹೇಳಿಲ್ಲ. ನಮ್ಮವ್ವ ಬೈಯುತ್ತಾಳೆ, ನೆಂಟರು ಆಡಿಕೊಳ್ಳುತ್ತಾರೆ, ಗಿರೀಶನಿಗೂ ಇದು ಅತಿ ಎನಿಸಿದೆ. ಈಗ ಅವಳಿಗೆ ಹದಿನಾಲ್ಕು. ಕಳೆದ ತಿಂಗಳು ತಾನಾಗಿಯೇ ಒಂದು ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಬಂದಳು. ರಜೆಯಲ್ಲಿ ಗದಗಿನ ಅಜ್ಜಿಯ ಜೊತೆ ಮಾತಾಡಬೇಕಂತೆ. "ಟೀಚ್ ಮಿ ಮಮ್ಮಾ, ಜಸ್ಟ್ ಟೆನ್ ಸೆಂಟೆನ್ಸಸ್" ಎಂದಳು. ಎಷ್ಟು ವರ್ಷ ಕಾದ ಮಾತು ಅದು. ನನ್ನ ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ನಿಂತಿತು. ಪರೀಕ್ಷೆ ಮುಗಿಯಲಿ, ಆಮೇಲೆ ಕಲಿಸುತ್ತೇನೆ ಎಂದೆ.

ಪರೀಕ್ಷೆ ಮುಗಿದು ಹದಿನೈದು ದಿನವಾಯಿತು. ನೋಟ್‌ಬುಕ್ ಊಟದ ಮೇಜಿನ ಮೇಲೆಯೇ ಇದೆ, ಅವಳು ದಿನವೂ ಕೇಳುತ್ತಾಳೆ. ಇವತ್ತೂ ನಾಳೆ ಎಂದಿದ್ದೇನೆ.