ಅಂಟಾರ್ಕ್ಟಿಕದ ಬಾಲ ತಣ್ಣಗಾದದ್ದು

ಮೈಸೂರಿನ ಜನವರಿ ಚಳಿಗೇ ಎರಡೆರಡು ಸ್ವೆಟರ್ ಏರಿಸಿಕೊಳ್ಳುವವಳು ನಾನು. ಆದರೂ ದಕ್ಷಿಣ ಧ್ರುವದ ಬಗ್ಗೆ, ಅಲ್ಲೇ ಹುಟ್ಟಿ ಬೆಳೆದವಳಂತೆ ಪಾಠ ಮಾಡುತ್ತೇನೆ. ಕುಂಬಾರಕೊಪ್ಪಲಿನ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವವಳಿಗೆ ಅಷ್ಟಾದರೂ ಅಧಿಕಾರ ಬೇಡವೇ?

ಮೊನ್ನೆ ಒಂಬತ್ತನೇ ತರಗತಿಯಲ್ಲಿ, ಧ್ರುವಗಳ ಮೂಲೆಮೂಲೆಯಲ್ಲೂ ವರ್ಷದಿಂದ ವರ್ಷಕ್ಕೆ ಬಿಸಿ ಏರುತ್ತಲೇ ಇದೆ ಎಂದು ಘೋಷಿಸಿದೆ. ಎರಡನೇ ಬೆಂಚಿನ ರುಕ್ಮಿಣಿ ಎದ್ದು ನಿಂತಳು. ಮಾತು ಕಡಿಮೆಯ ಹುಡುಗಿ. ನನ್ನ ಕ್ಲಾಸಿನಲ್ಲಿ ಅವಳು ಬಾಯಿ ಬಿಟ್ಟಿದ್ದೇ ಅದು ಮೊದಲು.

"ಮಿಸ್, ಅಂಟಾರ್ಕ್ಟಿಕದಲ್ಲಿ ಒಂದು ಕಡೆ ಕೆಲವು ವರ್ಷ ತಣ್ಣಗಾಗಿತ್ತಂತೆ. ಲೈಬ್ರರಿ ಪುಸ್ತಕದಲ್ಲಿ ಓದ್ದೆ."

"ಅದೆಲ್ಲ ಯಾರೋ ಬರೆದಿರೋ ಸುಳ್ಳು ಕಣಮ್ಮ, ಕೂತ್ಕೊ," ಎಂದೆ. ಕ್ಲಾಸು ಗೊಳ್ಳೆಂದಿತು. ಕೂತ ಹುಡುಗಿ ನಾಲ್ಕು ದಿನ ತಲೆ ಎತ್ತಲಿಲ್ಲ.

ನನಗೂ ಅನ್ನ ರುಚಿಸಲಿಲ್ಲ. ಭಾನುವಾರ ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಪಟ್ಟಾಗಿ ಕೂತು ಹುಡುಕಿದೆ. ಅವಳು ಹೇಳಿದ್ದು ನಿಜ. ಆ ಖಂಡದಿಂದ ಬಾಲದಂತೆ ಚಾಚಿಕೊಂಡಿರುವ ಪರ್ಯಾಯ ದ್ವೀಪ ದಶಕಗಳ ಕಾಲ ಭರದಿಂದ ಬಿಸಿಯಾಗಿ, ಈ ಶತಮಾನದ ಮೊದಲ ವರ್ಷಗಳಲ್ಲಿ ತುಸು ತಣ್ಣಗಾಗಿತ್ತು. ಗಾಳಿ ದಿಕ್ಕು ಬದಲಿಸಿ, ಸಮುದ್ರದ ಮಂಜುಗಡ್ಡೆಯನ್ನು ತಂದು ದಡಕ್ಕೆ ಒತ್ತಿತ್ತು. ಪ್ರಕೃತಿಯ ಎಂದಿನ ಏರಿಳಿತ, ಅಷ್ಟೇ.

"ಅದಕ್ಯಾಕೆ ಇಷ್ಟು ಒದ್ದಾಡ್ತೀಯ? ತಪ್ಪಾಯ್ತು ಅಂದ್ಬುಡು, ಮುಗೀತು," ಎಂದರು ನಮ್ಮ ಯಜಮಾನರು. ಮದುವೆಯಾದಾಗಿನಿಂದ ಆ ಮಾತನ್ನು ಒಮ್ಮೆಯೂ ಆಡದ ಮನುಷ್ಯ!

ಸೋಮವಾರ, ನಕ್ಕಿದ್ದ ಅದೇ ಕ್ಲಾಸಿನ ಮುಂದೆ ನಿಂತು ಹೇಳಿದೆ: "ರುಕ್ಮಿಣಿ ಓದಿದ್ದು ಸರಿ. ತಪ್ಪು ಹೇಳಿದ್ದು ನಾನು. ಸಾರಿ ಕಣಮ್ಮ." ಈ ಸಲ ಯಾರೂ ನಗಲಿಲ್ಲ.

ಅವಳು ನಿಧಾನವಾಗಿ ಎದ್ದಳು. "ಅಂಗಾದ್ರೆ ಭೂಮಿ ಬಿಸಿ ಆಗ್ತಿರೋದು ಸುಳ್ಳಾ ಮಿಸ್?"

"ಅದು ನಿಜಾನೇ. ಒಂದು ಜಾಗಾನ ಕೆಲವೇ ವರ್ಷ ನೋಡಿದ್ರೆ ಗಾಳಿ, ಸಮುದ್ರದ ಆಟ ಕಾಣುತ್ತೆ. ಇಡೀ ಭೂಮೀನ ಬಹಳ ವರ್ಷ ನೋಡಿದ್ರೆ ಬಿಸಿ ಏರಿರೋದು ಕಾಣುತ್ತೆ. ನೀನು ಓದಿದ್ಯಲ್ಲ, ಅಂಟಾರ್ಕ್ಟಿಕದ ಬಾಲದಂಥ ಜಾಗ, ಅದೂ ಆಮೇಲೆ ಮತ್ತೆ ಬಿಸಿ ಆಯ್ತು."

"ಎಷ್ಟು ವರ್ಷ ನೋಡಿದ್ರೆ ಸಾಕು ಮಿಸ್?"

ಒಂದು ಸಂಖ್ಯೆ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. "ಸರಿಯಾಗಿ ಗೊತ್ತಿಲ್ಲ ಕಣಮ್ಮ. ಓದ್ಕೊಂಡು ಬಂದು ನಾಳೆ ಹೇಳ್ತೀನಿ."

ಅವಳು ನೋಟ್‌ಬುಕ್ ತೆರೆದು ಏನೋ ಬರೆದುಕೊಂಡಳು. ಬೆಂಚುಗಳ ನಡುವೆ ಸುತ್ತುವ ನೆಪದಲ್ಲಿ ಇಣುಕಿದೆ: 'ಮಿಸ್‌ಗೂ ಗೊತ್ತಿಲ್ಲ. ನಾಳೆ ಕೇಳಬೇಕು.'

ಅಕ್ಷರ ದುಂಡಗಿತ್ತು, ತಿದ್ದುವುದಕ್ಕೆ ಏನೂ ಇರಲಿಲ್ಲ. ಕೆಂಪು ಪೆನ್ನಿನಲ್ಲಿ ಒಂದು ರೈಟ್ ಹಾಕಿ ಮುಂದಿನ ಬೆಂಚಿಗೆ ನಡೆದೆ.